ಮೂರನೆಯ ಸಾಲು

"ಟಿಕೆಟ್" ಎಂದು ಚಾಚಿದ ಕೈ ಚಾಚಿದಂತೆಯೇ ನಿಂತುಬಿಟ್ಟಿತು. ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದ ದಪ್ಪ ಕನ್ನಡಕದ ಯುವಕ ಅಂಗಿಯ ಜೇಬು, ಪ್ಯಾಂಟಿನ ಜೇಬು, ಚೀಲದ ಜೇಬು ಎಲ್ಲವನ್ನೂ ತಡಕಾಡುತ್ತಿದ್ದ. ಟಿಕೆಟ್ ಇಲ್ಲದವರು ಮಾತ್ರ ಹಾಗೆ ತಡಕಾಡುತ್ತಾರೆಂದು ಬೇರೆ ದಿನವಾಗಿದ್ದರೆ ಟಿಕೆಟ್ ತಪಾಸಣೆಯ ಚೆಕಿಂಗಮ್ಮ ಕಣ್ಣು ಮಿಟುಕಿಸುವುದರೊಳಗೆ ಕಂಡುಹಿಡಿಯುತ್ತಿದ್ದಳು. ಇವತ್ತು ಅವಳ ಗಮನವೆಲ್ಲ ಅವನ ತೊಡೆಯ ಮೇಲಿದ್ದ ಫೋನಿನ ಮೇಲಿತ್ತು. ಅದರೊಳಗೆ ಗಿಟಾರು ಕಿರುಚುತ್ತಿತ್ತು, ಡ್ರಮ್ಮು ಬಡಿಯುತ್ತಿತ್ತು, ಆ ಗದ್ದಲದ ನಡುವೆ ಒಂದು ಹೆಣ್ಣುದನಿ ಗುಡ್ಡದ ಮಾತಿನಲ್ಲಿ ಹಾಡುತ್ತಿತ್ತು. ದನಿ ಅವಳ ಮಗಳದು, ಹಾಡು ಅವಳ ಅಮ್ಮನದು.

"ಏನದು?"

"ಹೊಸ ಹಾಡು ಮೇಡಂ. ಶನಿವಾರ ಬಿಡುಗಡೆ, ಇದು ಬರೀ ಸ್ಯಾಂಪಲ್ಲು. ಯಾವ ಭಾಷೆ ಅಂತ್ಲೇ ಗೊತ್ತಿಲ್ಲ, ಆದ್ರೆ ಕೊನೇಲಿ ಒಂದು ಮೂರು ಸಾಲು ಬರುತ್ತೆ ನೋಡಿ, ಮೈ ಜುಮ್ ಅನ್ನುತ್ತೆ."

"ಇನ್ನೊಂದ್ಸಲ ಹಾಕು."

ಯುವಕ ಬದುಕಿದೆಯಾ ಬಡಜೀವವೇ ಎಂದುಕೊಂಡು ಮತ್ತೆ ಹಾಕಿದ. ಚೆಕಿಂಗಮ್ಮ ಕಂಬಿ ಹಿಡಿದುಕೊಂಡು ಬಗ್ಗಿ ಕೇಳಿದಳು. ಮೊದಲ ಸಾಲುಗಳೆಲ್ಲ ಇದ್ದ ಹಾಗೇ ಇದ್ದವು. ಕೊನೆಗೆ ಗಿಟಾರು ನಿಂತು, ಡ್ರಮ್ಮೊಂದೇ ಉಳಿದು, ಆ ಮೂರು ಸಾಲು ಬಂದವು. ಸ್ವಲ್ಪ ನೀರು ಕೊಡು. ತಲೆ ಎತ್ತಿ ಹಿಡಿ. ಚಿಕ್ಕವಳನ್ನ ಕರಿ. ಬ್ಯಾಂಡಿನವರೆಲ್ಲ ಸೇರಿ ಅದನ್ನೇ ತಿರುಗಿಸಿ ಕೂಗುತ್ತಿದ್ದರು. ಬಸ್ಸಿನಲ್ಲಿದ್ದ ಅಷ್ಟೂ ಜನರಲ್ಲಿ ಅದರ ಅರ್ಥ ಗೊತ್ತಿದ್ದವಳು ಅವಳೊಬ್ಬಳೇ. ಅವಳಿಗೆ ನಖಶಿಖಾಂತ ಉರಿದುಹೋಯಿತು.

ಏಕೆಂದರೆ ಆ ಸಾಲುಗಳು ಹಾಡಿನಲ್ಲಿ ಇರಲೇ ಇಲ್ಲ. ಅದು ಹೊರೆ ಹಾಡು, ಸೌದೆ ಹೊತ್ತು ಗುಡ್ಡ ಇಳಿಯುವ ಹೆಂಗಸರದು. ಮುಂದಿನವಳು ಒಂದು ಸಾಲು ಹೇಳಬೇಕು, ಹಿಂದಿನವಳು ಒಂದಕ್ಷರ ಬಿಡದೆ ಅದನ್ನೇ ತಿರುಗಿಸಿ ಕೊಡಬೇಕು. ತಲೆಯ ಮೇಲೆ ಹೊರೆ ಇದ್ದಾಗ ಹಿಂದಕ್ಕೆ ಹೊರಳಿ ನೋಡಲಾಗುವುದಿಲ್ಲವಲ್ಲ. ಸಾಲು ತಿರುಗಿ ಬಂದರೆ ಹಿಂದಿನವಳು ಬರುತ್ತಿದ್ದಾಳೆ ಎಂದು ಲೆಕ್ಕ. ಬಾರದಿದ್ದರೆ ಮುಂದಿನವಳು ನಿಂತು ಅದೇ ಸಾಲನ್ನು ಮತ್ತೆ ಹೇಳುತ್ತಾಳೆ. ಹಾಡು ಕಲಿಸುವ ಕ್ರಮವೂ ಅದೇ. ಇದರಲ್ಲಿ ನೀರು ಕೇಳುವ ಮಾತಾಗಲೀ ಯಾರನ್ನೋ ಕರೆಸುವ ಮಾತಾಗಲೀ ಇಲ್ಲ.

ಮೇಲಾಗಿ ಚಿಕ್ಕವಳು ಎಂದರೆ ಅವಳೇ. ಇಬ್ಬರು ಹೆಣ್ಣುಮಕ್ಕಳಲ್ಲಿ ಕಿರಿಯವಳನ್ನು ಅಮ್ಮ ಗುಡ್ಡದ ಮಾತಿನಲ್ಲಿ ಹಾಗೆಯೇ ಕರೆಯುತ್ತಿದ್ದಳು. ಪೇಟೆಯ ಶಾಲೆಗೆ ಸೇರಿ, ಆ ಮಾತಾಡಿದ್ದಕ್ಕೆ ಬೆಂಚಿನ ಮೇಲೆ ನಿಂತು ಎಲ್ಲರಿಂದ ನಗಿಸಿಕೊಂಡು ಬಂದ ದಿನ ಅವಳು "ಇನ್ಮೇಲೆ ನನ್ನ ಹಾಗೆ ಕರೆದ್ರೆ ತಿರುಗೂ ನೋಡಲ್ಲ" ಎಂದು ಅಮ್ಮನಿಗೆ ಹೇಳಿಬಿಟ್ಟಿದ್ದಳು. ಅಂದಿನಿಂದ ಅಮ್ಮ ಶಾಲೆಯ ಹೆಸರನ್ನೇ ನಾಲಗೆ ಹೊರಳಿಸಿ ಹೊರಳಿಸಿ ಕಲಿತು ಕರೆದಳು. ಗಂಡನಿಗಾಗಲೀ ಮಗಳಿಗಾಗಲೀ ಆ ಹಳೆಯ ಹೆಸರು ಗೊತ್ತಿಲ್ಲ. ಗೊತ್ತಿರುವವಳು ಈ ಭೂಮಿಯ ಮೇಲೆ ಇನ್ನೊಬ್ಬಳೇ, ಅಕ್ಕ.

ಅಲ್ಲಿಗೆ ಲೆಕ್ಕ ಸರಿಹೋಯಿತಲ್ಲ! ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅಕ್ಕ ದೂರದೂರಿನಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಂದವಳೇ ನಾಲ್ಕು ಜನರ ಎದುರಿಗೆ, "ಕೊನೇಗಳಿಗೇಲಿ ಪಕ್ಕದಲ್ಲಿ ಇರ್ಲಿಲ್ವಂತಲ್ಲೇ ನೀನು, ಎಲ್ಲಿದ್ದೆ?" ಎಂದು ಕೇಳಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅಂದು ನಾಲ್ಕು ಜನರ ಎದುರು ಕೇಳಿದ್ದನ್ನು ಇಂದು ಊರಿಗೆಲ್ಲ ಕೇಳಿಸಲು ಅಕ್ಕ ಹಾಡು ಕಟ್ಟಿದ್ದಾಳೆ, ಅದೂ ತನ್ನ ಮಗಳ ಬಾಯಿಂದಲೇ. ಅಮ್ಮ ನೀರು ನೀರು ಎಂದು ಒದ್ದಾಡಿದಳಂತೆ, ಚಿಕ್ಕವಳನ್ನು ಕರೆದಳಂತೆ, ಚಿಕ್ಕವಳು ಬರಲಿಲ್ಲವಂತೆ. ಎಂಥ ಬುದ್ಧಿ! ಚೆಕಿಂಗಮ್ಮ ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟಳು. ಕನ್ನಡಕದ ಯುವಕ ಟಿಕೆಟ್ ಇಲ್ಲದೆಯೇ ಮನೆ ಸೇರಿದ.

ಮಗಳು ನಡುಮನೆಯಲ್ಲಿ ಕಾಲು ಮಡಚಿ ಕೂತು ಗಿಟಾರಿಗೆ ಹೊಸ ತಂತಿ ಕಟ್ಟುತ್ತಿದ್ದಳು. ಮಗಳದೊಂದು ಬ್ಯಾಂಡಿದೆ, ಅವರ ಮೊದಲ ಹಾಡು ರೆಕಾರ್ಡ್ ಆಗಿದೆ ಎಂದು ಚೆಕಿಂಗಮ್ಮನಿಗೆ ಗೊತ್ತಿತ್ತು. ಯಾವ ಹಾಡೆಂದು ಕೇಳಿದರೆ "ಸರ್‌ಪ್ರೈಸು" ಎಂದಿದ್ದಳು. ಸರ್‌ಪ್ರೈಸು ಎಂದವಳ ಮುಖವನ್ನು ಅಂದೇ ಸರಿಯಾಗಿ ನೋಡಬೇಕಿತ್ತು.

"ಯಾರು ಕಲಿಸಿದ್ದು?"

"ಏನಮ್ಮಾ?"

"ನಾಟಕ ಬೇಡ. ಬಸ್ಸಲ್ಲಿ ಕೇಳಿಸ್ಕೊಂಡೇ ಬಂದಿದೀನಿ."

ಮಗಳು ತಂತಿ ಬಿಟ್ಟಳು. "ಅದು ಅಜ್ಜಿ ಹಾಡಮ್ಮ."

"ಅಜ್ಜಿ ಹೋದಾಗ ನಿನಗೆ ಮೂಗು ಒರೆಸ್ಕೊಳಕ್ಕೂ ಬರ್ತಿರ್ಲಿಲ್ಲ. ನನ್ನ ಹೊಸ್ತಿಲ ಒಳಗೆ ಆ ಮಾತು ಯಾರೂ ಆಡಿಲ್ಲ. ಯಾರು ಕಲಿಸಿದ್ದು ಅಂತ ಕೇಳ್ದೆ."

"ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

"ಯಾರಿಗೆ? ನಿಮ್ಮ ದೊಡ್ಡಮ್ಮನಿಗಾ?"

"ದೊಡ್ಡಮ್ಮನಿಗಾ?" ಎಂದು ಮಗಳು ಬಾಯಿ ತೆರೆದಳು. ಅದು ನಿಜವಾದ ಆಶ್ಚರ್ಯ. ಚೆಕಿಂಗಮ್ಮ ಅದನ್ನು ನಂಬಿಯೂ ಬಿಡುತ್ತಿದ್ದಳು. ಆದರೆ ಅಷ್ಟರಲ್ಲಿ ಅಡುಗೆಮನೆಯಲ್ಲಿ ತಟ್ಟೆಯೊಂದು ಬಿದ್ದು ಗಿರ್ರನೆ ತಿರುಗಿ ಅಡಗಿತು. ಒಳಗಿಂದ ಗಂಡ ಬಂದ. ಅವನು ಫ್ರಿಜ್ ರಿಪೇರಿಯವನು, ಎಂದೂ ಏರುದನಿಯಲ್ಲಿ ಮಾತಾಡದ ಮನುಷ್ಯ.

"ಅಂಗಡೀಲಿ ಕಂಪ್ರೆಸರ್ ಬಿಚ್ಚಿಟ್ಟು ಬಂದಿದೀನಿ, ಈಗ ಬಂದೆ" ಎಂದು ಯಾರ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಚೆಕಿಂಗಮ್ಮ ಕಿಟಕಿಯಲ್ಲಿ ನಿಂತು ಅವನು ಹೋಗುವುದನ್ನೇ ನೋಡಿದಳು. ತನ್ನನ್ನು ಕಂಡು ಹಿಂದಿನ ಬಾಗಿಲಿಂದ ಇಳಿದುಹೋಗುವವರನ್ನು ಅವಳು ಎಷ್ಟು ನೋಡಿಲ್ಲ! ಓಹೋ, ಅಪ್ಪ ಮಗಳು ಇಬ್ಬರೂ ಒಂದಾಗಿದ್ದಾರೆ ಎಂದುಕೊಂಡಳು. ಭಾನುವಾರದ ಮಧ್ಯಾಹ್ನ ಅವನು ಅಂಗಡಿಗೆ ಹೋಗುವುದು, ಹಿಂದೆಯೇ ಮಗಳು ಹೋಗುವುದು, ತಾನು ಕಾಲಿಟ್ಟ ಕೂಡಲೇ ಮಾತು ನಿಲ್ಲುವುದು ಎಲ್ಲ ಒಂದೊಂದಾಗಿ ನೆನಪಾಯಿತು. ಅಕ್ಕ ಫೋನಿನಲ್ಲಿ ಹಾಡು ಕಲಿಸುತ್ತಿರಬೇಕು, ಇವನು ನಡುವೆ ನಿಂತು ಕೂಡಿಸಿಕೊಟ್ಟಿರಬೇಕು. ಇಷ್ಟು ವರ್ಷ ಸಂಸಾರ ಮಾಡಿದ ಗಂಡಸು!

ತಡೆಯಲಾರದೆ ಅಕ್ಕನಿಗೆ ಫೋನು ಮಾಡಿದಳು. ಅತ್ತ ಕಡೆ "ಯಾರು?" ಎಂಬ ದನಿ ಕೇಳಿದ್ದೇ ತಡ, ಬಾಯಿಗೆ ಬಂದಿದ್ದನ್ನೆಲ್ಲ ಅಂದಳು. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಆಯ್ತಾ? ಈಗ ನಾನು ಮಾತಾಡ್ಲಾ?" ಎಂದಳು ಅಕ್ಕ. "ಆ ಹಾಡು ನನಗೆ ಅರ್ಧವೂ ಬರಲ್ಲ ಕಣೇ. ನಾನು ಮದುವೆಯಾಗಿ ಬೇಗ ಊರು ಬಿಟ್ಟೋಳು. ಅಮ್ಮ ಅದನ್ನ ನಿನಗೆ ಕೊಟ್ಟು ಹೋಗಿದಾಳೆ, ನೀನು ಮುಚ್ಚಿಟ್ಕೊಂಡಿದೀಯ ಅಂತ ನಾನಿಲ್ಲಿ ಇಷ್ಟು ವರ್ಷ ಹೊಟ್ಟೆ ಉರ್ಕೊಂಡು ಕೂತಿದೀನಿ. ಈಗ ನನ್ನ ತಲೆಗೇ ಕಟ್ತೀಯಾ?"

"ಮತ್ತೆ ಚಿಕ್ಕವಳು ಅನ್ನೋದು ಯಾರಿಗೆ ಗೊತ್ತು?"

"ಅದನ್ನ ನಿನ್ನ ಮನೇಲಿ ಕೇಳ್ಕೋ" ಎಂದು ಅಕ್ಕ ಫೋನಿಟ್ಟಳು.

ಸುಳ್ಳಿನ ದನಿ ಹೇಗಿರುತ್ತದೆಂದು ಚೆಕಿಂಗಮ್ಮ ಬಲ್ಲಳು. ಅಕ್ಕನದು ಹಾಗಿರಲಿಲ್ಲ, ಅದೇ ಅವಳನ್ನು ಇನ್ನಷ್ಟು ಕಾಡಿತು. ಆ ಹಾಡನ್ನು ಕೇಳುತ್ತಲೇ ಬೆಳೆದಿದ್ದರೂ ತಾನು ಅದನ್ನು ಅಮ್ಮನಿಂದ ತೆಗೆದುಕೊಳ್ಳಲಿಲ್ಲ. ಕೊನೆಯ ಸಂಜೆ ಆಸ್ಪತ್ರೆಯಲ್ಲಿ ಅಮ್ಮ ಮೊದಲ ಸಾಲು ಹೇಳಿ ಕಾದಳು, ಮತ್ತೆ ಹೇಳಿ ಕಾದಳು. ಆ ವಾರ ಅಮ್ಮನಿಗೆ ಪೇಟೆಮಾತು ಪೂರ್ತಿ ಬಿಟ್ಟುಹೋಗಿತ್ತು. ಪಕ್ಕದ ಹಾಸಿಗೆಯವರು ತಿರುಗಿ ತಿರುಗಿ ನೋಡುತ್ತಿದ್ದರು. ಚೆಕಿಂಗಮ್ಮನಿಗೆ ಮತ್ತೆ ಶಾಲೆಯ ಬೆಂಚಿನ ಮೇಲೆ ನಿಂತ ಹಾಗಾಗಿ, "ಸಾಕು ಸುಮ್ನಿರಮ್ಮ, ಈ ಹಾಡು ಯಾರಿಗೆ ಬೇಕು" ಎಂದು ಎದ್ದು ಕೆಳಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಅವಳು ಮತ್ತೆ ಮೇಲೆ ಹೋಗುವಷ್ಟರಲ್ಲಿ ಅಮ್ಮ ಇರಲಿಲ್ಲ. ಇದನ್ನು ಅವಳು ಯಾರ ಬಳಿಯೂ ಬಾಯಿಬಿಟ್ಟಿರಲಿಲ್ಲ.

ಮರುದಿನ, ಬಿಡುಗಡೆಗೆ ಒಂದು ದಿನ ಉಳಿದಿರುವಾಗ, ಮಧ್ಯಾಹ್ನದ ಬಿಡುವಿನಲ್ಲಿ ಅವಳು ಯೂನಿಫಾರ್ಮಿನಲ್ಲೇ ಗಂಡನ ಅಂಗಡಿಯ ಬೀದಿಯಲ್ಲಿಳಿದಳು. ಮುಂದಿನ ಬಾಗಿಲಿಗೆ ಹೋಗಲಿಲ್ಲ. ಕಳ್ಳರನ್ನು ಹಿಡಿಯುವವರು ಮುಂದಿನ ಬಾಗಿಲಿಂದ ಹತ್ತುತ್ತಾರೆಯೇ? ಹಿಂದಿನ ಓಣಿಯಲ್ಲಿ ಕೆಟ್ಟ ಫ್ರಿಜ್ಜುಗಳು ಬಾಗಿಲು ತೆರೆದುಕೊಂಡು ಸಾಲಾಗಿ ನಿಂತಿದ್ದವು. ಅವುಗಳ ಸಂದಿಯಲ್ಲಿ ನುಸುಳಿ ಗೋಡೆಗೆ ಒತ್ತಿಕೊಂಡು ನಿಂತಳು.

ಒಳಗೆ ಒಂದು ಗಂಡುದನಿ ಗುಡ್ಡದ ಮಾತಿನಲ್ಲಿ ಹೊರೆ ಹಾಡಿನ ಸಾಲು ಹೇಳಿತು. ಮಗಳ ದನಿ ಅದನ್ನು ತಿರುಗಿಸಿ ಕೊಟ್ಟಿತು. ಮತ್ತೊಂದು ಸಾಲು, ಮತ್ತೆ ಉತ್ತರ.

"ಅಲ್ಲಿ ಉಸಿರು ತಗೋಬೇಡಮ್ಮ. ಅವರು ತಗೋತಿರ್ಲಿಲ್ಲ" ಎಂದಿತು ಗಂಡುದನಿ.

ಗಂಡನೇ! ಗುಡ್ಡದ ಮಾತಿನಲ್ಲಿ ಒಂದು ಲೋಟ, ಒಂದು ಬಾಗಿಲು ಎನ್ನಲೂ ಬಾರದವನು ಇಡೀ ಹಾಡನ್ನು ಅಮ್ಮನ ಎಳೆತದಲ್ಲೇ ಹೇಳುತ್ತಿದ್ದ. ಒಳಗೆ ಕಾಲಿಟ್ಟಾಗ ಅವನ ಕೈಯಲ್ಲಿ ತಾಮ್ರದ ಕೊಳವೆಯಿತ್ತು, ಮಗಳು ಮಗುಚಿಟ್ಟ ಕ್ರೇಟಿನ ಮೇಲೆ ಕೂತಿದ್ದಳು. ಇಬ್ಬರೂ ಗಡಬಡಿಸಿ ಎದ್ದರು.

"ಕೂತ್ಕೊಳ್ಳಿ. ಅಕ್ಕನ ಹತ್ರ ಯಾವಾಗ ಹೋಗಿದ್ರಿ?"

"ಅಕ್ಕನ ಹತ್ರ ನಾನ್ಯಾಕೆ ಹೋಗ್ಲಿ? ನೀನು ಮಾತು ಬಿಟ್ಟ ದಿನಾನೇ ನಾನೂ ಬಿಟ್ಟೆ."

"ಮತ್ತೆ ಈ ಹಾಡು?"

ಗಂಡ ಕೊಳವೆಯನ್ನು ಮೆಲ್ಲಗೆ ಕೆಳಗಿಟ್ಟ. "ನಿಮ್ಮಮ್ಮನೇ ಕೊಟ್ಟಿದ್ದು ಕಣೇ."

ಮಾತಾಡದೆ ನಿಂತರೆ ಜನ ತಾವಾಗಿಯೇ ಹೇಳುತ್ತಾರೆಂದು ಅವಳಿಗೆ ಗೊತ್ತು.

"ಆವತ್ತು ನೀನು ಸಿಟ್ಟು ಮಾಡ್ಕೊಂಡು ಕೆಳಗೆ ಹೋದೆ ನೋಡು, ನಾನು ನಿನ್ನ ಕುರ್ಚೀಲಿ ಕೂತೆ. ಅವರಿಗೆ ಕಣ್ಣು ಮಂಜಾಗಿತ್ತು, ನೀನೇ ಅಂದ್ಕೊಂಡ್ರೋ ಏನೋ. ಒಂದು ಸಾಲು ಹೇಳೋರು, ಕಾಯೋರು. ಮತ್ತೆ ಅದನ್ನೇ ಹೇಳೋರು, ಕಾಯೋರು. ನನಗೆ ನೋಡಕ್ಕಾಗ್ಲಿಲ್ಲ. ನಾನೂ ಅದನ್ನೇ ಅಂದೆ. ಅಂದಿದ್ದೇ ತಡ, ಮುಂದಿನ ಸಾಲು ಬಂತು. ಹಾಗೇ ಪೂರ್ತಿ ಹೇಳಿದ್ರು, ಮತ್ತೆ ಮೊದಲಿಂದ ಹೇಳಿದ್ರು. ನನಗೆ ಒಂದಕ್ಷರ ಅರ್ಥ ಆಗ್ಲಿಲ್ಲ. ಆದ್ರೆ ಅಷ್ಟೊಂದು ಕಷ್ಟಪಟ್ಟು ಕೊಡ್ತಿದಾರೆ, ಯಾರಾದ್ರೂ ಹಿಡ್ಕೋಬೇಕಲ್ಲ. ಅಂಗಡೀಲಿ ಒಬ್ಬನೇ ಇದ್ದಾಗ ಹೇಳ್ಕೋತಾ ಇದ್ದೆ, ಮರೀದೇ ಇರ್ಲಿ ಅಂತ. ಹೋದ ವರ್ಷ ಇವಳು ಕೇಳಿಸ್ಕೊಂಡ್ಬಿಟ್ಲು."

"ಆ ಕೊನೇ ಮೂರು ಸಾಲು?"

"ಅದೇ ನೋಡು! ಅದನ್ನ ಮಾತ್ರ ಎಷ್ಟು ಸಲ ತಿರುಗಿಸಿ ಹೇಳಿದ್ರೂ ಅವರು ಮುಂದಕ್ಕೆ ಹೋಗ್ಲೇ ಇಲ್ಲ. ಮತ್ತೆ ಅದೇ, ಮತ್ತೆ ಅದೇ. ನಾನೇ ಎಲ್ಲೋ ತಪ್ಪು ಹೇಳ್ತಿದೀನಿ ಅಂದ್ಕೊಂಡು ಇನ್ನೂ ಹುಷಾರಾಗಿ ಹೇಳ್ದೆ. ಅದಕ್ಕೇ ಅದು ಅಷ್ಟು ಚೆನ್ನಾಗಿ ಬಾಯಿಗೆ ಬಂದಿರೋದು."

"ರೆಕಾರ್ಡಿಂಗ್‌ನೋರಿಗೆ ಅದೇ ಇಷ್ಟ ಆಗಿದ್ದಮ್ಮ" ಎಂದಳು ಮಗಳು ಸಣ್ಣಗೆ. "ಇಡೀ ಹಾಡಲ್ಲಿ ಜೀವ ಇರೋದೇ ಅಲ್ಲಿ ಅಂದ್ರು."

ಚೆಕಿಂಗಮ್ಮ ಪಕ್ಕದಲ್ಲಿದ್ದ ವಾಷಿಂಗ್ ಮಷೀನಿನ ಮೇಲೆ ಕೈಯೂರಿದಳು. ಸಾಯುತ್ತಿದ್ದ ಅಮ್ಮ ನೀರು ಕೇಳಿದ್ದಾಳೆ. ಇವನು, ಈ ಪುಣ್ಯಾತ್ಮ, ಬಾಯಿಪಾಠ ಒಪ್ಪಿಸುವ ಹಾಗೆ ನೀರು ಕೊಡು ಎಂದು ಅವಳಿಗೇ ತಿರುಗಿಸಿ ಹೇಳಿದ್ದಾನೆ. ಅವಳು ಮತ್ತೆ ಕೇಳಿದ್ದಾಳೆ, ಇವನು ಮತ್ತೆ ಹೇಳಿದ್ದಾನೆ. ಅಯ್ಯೋ ಅಮ್ಮಾ!

"ಆಮೇಲೆ?" ಎಂದು ಕೇಳಿದಳು.

"ಆಮೇಲೇನಿಲ್ಲ."

ಇದು ಸುಳ್ಳು. ಅವನು ಹೆಬ್ಬೆರಳಿನಿಂದ ಅಂಗೈ ಉಜ್ಜಿಕೊಳ್ಳುತ್ತಿದ್ದ. ಹಾಡನ್ನು ಮುಚ್ಚಿಟ್ಟವನು ಬರೀ ಹಾಡನ್ನಷ್ಟೇ ಮುಚ್ಚಿಟ್ಟಿಲ್ಲ ಎಂದು ಅವಳಿಗೆ ಆಗ ಹೊಳೆಯಿತು.

"ಆಮೇಲೆ ಏನು ಮಾಡಿದ್ರಿ ಅಂತ ಕೇಳ್ದೆ."

"ಒಂದು ತೊಟ್ಟು ನೀರೂ ಕೊಡಬಾರ್ದು ಅಂತ ನರ್ಸಮ್ಮ ಹೇಳಿ ಹೋಗಿದ್ರು. ಅವರ ತುಟಿ ಒಡೆದು ಹೋಗಿತ್ತು ಕಣೇ. ಅಷ್ಟೊಂದು ಹಾಡಿದ್ರಲ್ಲ, ಗಂಟಲು ಒಣಗಿರುತ್ತೆ ಅನ್ನಿಸ್ತು. ತಲೆ ಎತ್ತಿ ಹಿಡ್ಕೊಂಡು ಎರಡು ಚಮಚ ಹಾಕ್ದೆ. ಗುಟುಕರಿಸಿದ್ರು. ಆಮೇಲೆ ಮೊದಲೆರಡು ಸಾಲು ಬಿಟ್ಟು ಮೂರನೇದನ್ನ ಮಾತ್ರ ಒಂದ್ಸಲ ಅಂದ್ರು. ನಾನೂ ಅಂದೆ. ಅಷ್ಟೇ, ಮತ್ತೆ ಬಾಯಿ ಬಿಡ್ಲಿಲ್ಲ. ನೀನು ಬರೋಷ್ಟರಲ್ಲಿ ಹೋಗ್ಬಿಟ್ಟಿದ್ರು." ಅವನು ತನ್ನ ಎರಡೂ ಕೈ ನೋಡಿಕೊಂಡ. "ಹಾಡಿನ ವಿಷಯ ಹೇಳಿದ್ರೆ ನೀನು ಒಂದೊಂದೇ ಕೇಳ್ತಾ ಅಲ್ಲಿಗೇ ಬರ್ತೀಯ ಅಂತ ಹೇಳ್ಲಿಲ್ಲ. ಬೇಡ ಅಂದ್ರೂ ನೀರು ಹಾಕಿ ನಿಮ್ಮಮ್ಮನ್ನ ನಾನೇ ಕೊಂದೆ ಕಣೇ. ಇಷ್ಟು ವರ್ಷ ನಿನ್ನ ಮುಖ ನೋಡೋವಾಗೆಲ್ಲ ಅದೇ."

ಅಂಗಡಿಯ ಮುಂದೆ ಯಾರೋ ಬಂದು "ಸಾರ್, ನಮ್ಮ ಫ್ರಿಜ್ಜು?" ಎಂದು ಕೂಗಿ, ಉತ್ತರ ಬಾರದೆ ಹೋದರು. ಚೆಕಿಂಗಮ್ಮ ಗಂಡನನ್ನೇ ನೋಡುತ್ತಿದ್ದಳು. ಅರ್ಥ ಹೇಳದೆ ಸುಮ್ಮನಿದ್ದುಬಿಡಬಹುದಿತ್ತು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ, ಕಲ್ಲುಬೆಂಚಿನ ಮೇಲೆ ಕೂತಿದ್ದವಳ ಮರ್ಯಾದೆ ಹಾಗೇ ಉಳಿಯುತ್ತಿತ್ತು. ಆದರೆ ಈ ಮನುಷ್ಯ ಸಾಯುವ ತನಕ ತನ್ನನ್ನು ತಾನೇ ಕೊಲೆಗಾರ ಎಂದುಕೊಂಡು ಇರಬೇಕಾಗುತ್ತಿತ್ತು. ಅವಳಿಗೆ ಅವನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಇನ್ನೊಂದು ಕ್ರೇಟನ್ನು ಕಾಲಿನಿಂದ ಎಳೆದುಕೊಂಡು ಅವನ ಎದುರಿಗೇ ಕೂತಳು.

"ಅದು ಹಾಡಲ್ಲ ರೀ" ಎಂದಳು. "ಮೊದಲನೇ ಸಾಲು, ಸ್ವಲ್ಪ ನೀರು ಕೊಡು ಅಂತ. ಎರಡನೇದು, ತಲೆ ಎತ್ತಿ ಹಿಡಿ ಅಂತ. ಅಮ್ಮ ಕೇಳಿದ್ದನ್ನೇ ನೀವು ಮಾಡಿದೀರಿ. ಕೇಳಿದ ಹಾಗೇ ಮಾಡಿದೀರಿ."

ಗಂಡ ಅವಳ ಮುಖವನ್ನೇ ನೋಡಿದ. ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎಣ್ಣೆ ಮೆತ್ತಿದ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತ. ಚೆಕಿಂಗಮ್ಮ ಅವನ ಬೆನ್ನ ಮೇಲೆ ಕೈಯಿಟ್ಟಳು.

ಮಗಳು ಬಿಳಿಚಿಕೊಂಡಿದ್ದಳು. "ಅಮ್ಮಾ, ನಾನು ಅದಕ್ಕೆ ಕುಣೀತಿದ್ನಲ್ಲಮ್ಮಾ. ಅಜ್ಜಿ ನೀರು ಕೇಳ್ತಿದ್ರೆ ನಾನು ಕುಣೀತಿದ್ದೆ." ಸ್ವಲ್ಪ ತಡೆದು ಕೇಳಿದಳು, "ಮೂರನೇದು ಏನು?"

"ಮೂರನೇದು ನನಗೆ ಹೇಳಿದ್ದು."

ಮಗಳು ಮತ್ತೆ ಕೇಳಲಿಲ್ಲ. "ಈ ಹಾಡು ನಿಲ್ಲಿಸಿಬಿಡ್ತೀನಿ. ಇವತ್ತು ಸಂಜೆ ತನಕ ಟೈಮಿದೆ, ಒಂದು ಫೋನ್ ಮಾಡಿದ್ರೆ ಆಯ್ತು" ಎಂದಳು. ಆ ಹಾಡಿಗಾಗಿ ಅವಳು ಒಂದು ವರ್ಷ ಊಟ ನಿದ್ದೆ ಬಿಟ್ಟಿದ್ದನ್ನು ಚೆಕಿಂಗಮ್ಮ ಕಂಡಿದ್ದಳು. ನಿಲ್ಲಿಸು ಎಂದಿದ್ದರೆ ನಿಲ್ಲಿಸಿಯೇಬಿಡುತ್ತಿದ್ದಳು.

"ಬೇಡ, ಇರ್ಲಿ."

"ಯಾಕಮ್ಮಾ?"

"ಅಮ್ಮ ಅಷ್ಟು ಸಲ ಹೇಳಿದಾಳೆ. ಕೇಳಿಸ್ಲಿ" ಎಂದು ಎದ್ದಳು. ಡ್ಯೂಟಿಗೆ ಹೊತ್ತಾಗಿತ್ತು.

ಸಂಜೆ ಅಕ್ಕನಿಗೆ ಮತ್ತೆ ಫೋನು ಮಾಡಿ, "ನಾಳೆ ಬಾ" ಎಂದಳು.

"ಯಾಕೆ? ಏನಿದೆ ಇದರೊಳಗೆ?" ಎಂದಳು ಅಕ್ಕ. ಅನುಮಾನ ಆ ಮನೆತನದಲ್ಲೇ ಇದೆ.

"ಏನೂ ಇಲ್ಲ. ಹುಡುಗಿ ಹಾಡ್ತಾಳೆ. ಬಂದು ಕೇಳು."

ಬಿಡುಗಡೆ ಒಂದು ಹಳೆಯ ಗೋದಾಮಿನಲ್ಲಿ. ಕುರ್ಚಿಗಳಿರಲಿಲ್ಲ, ಜನ ಒತ್ತೊತ್ತಾಗಿ ನಿಂತಿದ್ದರು. ಚೆಕಿಂಗಮ್ಮ, ಗಂಡ, ಅಕ್ಕ ಮೂವರೂ ಹಿಂದಿನ ಗೋಡೆಗೆ ಆತುಕೊಂಡು ನಿಂತರು. ಅಕ್ಕ ಬಂದಾಗಿನಿಂದ ಬಿಗಿದುಕೊಂಡೇ ಇದ್ದಳು, ಪ್ರಯಾಣ ಹೇಗಾಯಿತು ಎಂದು ಕೇಳಿದರೂ "ಆಯ್ತು" ಎಂದಷ್ಟೇ ಅಂದಿದ್ದಳು. ಮಗಳು ವೇದಿಕೆಗೆ ಬಂದು, ಇದು ನಮ್ಮ ಅಜ್ಜಿ ನಮ್ಮಪ್ಪನಿಗೆ ಕೊಟ್ಟ ಹಾಡು ಎಂದಷ್ಟೇ ಹೇಳಿ ಶುರುಮಾಡಿದಳು. ಗಂಡ ತಲೆ ತಗ್ಗಿಸಿಕೊಂಡು ತುಟಿ ಅಲ್ಲಾಡಿಸುತ್ತ ಜೊತೆಗೇ ಹೇಳಿಕೊಳ್ಳುತ್ತಿದ್ದ.

ಕೊನೆಗೆ ಗಿಟಾರು ನಿಂತಿತು. ಮಗಳು ಮೊದಲನೆಯ ಸಾಲು ಹೇಳಿ ಮೈಕನ್ನು ಜನರತ್ತ ಚಾಚಿದಳು. ಇಡೀ ಗೋದಾಮು ಅದನ್ನು ತಿರುಗಿಸಿ ಕೊಟ್ಟಿತು. ಅಕ್ಕ ಬೆಚ್ಚಿ ತಂಗಿಯ ಕಡೆ ತಿರುಗಿದಳು. ಅಲ್ಲಿದ್ದವರಲ್ಲಿ ಗುಡ್ಡದ ಮಾತು ಬಲ್ಲವರು ಅವರಿಬ್ಬರೇ. ಎರಡನೆಯ ಸಾಲೂ ತಿರುಗಿ ಬಂತು. ಅಕ್ಕ ತಂಗಿಯ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡು, "ಇದು ಯಾರು ಹೇಳಿದ್ದೇ?" ಎಂದಳು. "ಅಮ್ಮ" ಎಂದಳು ಚೆಕಿಂಗಮ್ಮ. ಅಕ್ಕ ಹಿಡಿದ ಕೈ ಬಿಡಲಿಲ್ಲ.

ಆಮೇಲೆ ಮೂರನೆಯದು, ಚಿಕ್ಕವಳನ್ನ ಕರಿ. ಡ್ರಮ್ಮೂ ನಿಂತಿತ್ತು. ಮಗಳು ಒಬ್ಬಳೇ ಹೇಳಿದಳು, ಅಷ್ಟು ಜನ ಒಂದೇ ದನಿಯಲ್ಲಿ ಕೂಗಿದರು. ಮಗಳು ಮತ್ತೆ ಹೇಳಿದಳು, ಅವರು ಮತ್ತೆ ಕೂಗಿದರು. ಮತ್ತೆ.

ಚೆಕಿಂಗಮ್ಮ ಹೆಗಲ ಮೇಲಿದ್ದ ಚೀಲವನ್ನು ಅಕ್ಕನ ಕೈಗೆ ಕೊಟ್ಟಳು. "ಸ್ವಲ್ಪ ಜಾಗ ಬಿಡಿ, ಜಾಗ ಬಿಡಿ" ಎನ್ನುತ್ತ, ಕೈ ಮೇಲೆತ್ತಿ ಕೂಗುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ಸರಿಸಿಕೊಂಡು ಮುಂದಕ್ಕೆ ನಡೆದಳು.